ಬಣ್ಣ ಮರೆತ ಫ್ರೇಮು

ಶುರು ಮಾಡುವುದು ಹೇಗೆ ಅಂತ ಕೇಳಿದೆ, ಡಾನಿಸಾ.
ಪುಂಟಾ ಅರೇನಾಸಿನಲ್ಲಿ ಯಾವ ಕತೆಯನ್ನು ಎಲ್ಲಿಂದ ಹಿಡಿದರೂ
ಮೊದಲು ಕೈಗೆ ಸಿಗುವುದು ಗಾಳಿಯೇ:
ತಗಡಿನ ಸೂರು ಬಡಿಯುತ್ತ,
ಬೀದಿಯಂಚಿಗೆ ಕಟ್ಟಿದ ಹಗ್ಗ ಹಿಡಿದು ನಡೆಯುವವರನ್ನು ನೂಕುತ್ತ.
ಜೂನ್ ತಿಂಗಳು. ಸಂಜೆ ಐದಕ್ಕೆಲ್ಲ ಕತ್ತಲು.
ನನಗೆ ಹದಿನೈದು. ಬೆಲಿಸಾರಿಯೋನ ಸೈಬರ್ ಕೆಫೆ,
ಆರನೆಯ ಕಂಪ್ಯೂಟರು, ಎರಡು ಕೀಲಿ ಕಿತ್ತುಹೋದದ್ದು,
ಅದಕ್ಕೇ ಅರ್ಧ ಬೆಲೆ.

ಚಿತ್ರ ಇತ್ತು: ದೀಪಸ್ತಂಭ ಕಾಯುವ ಹುಡುಗಿಯೊಬ್ಬಳ ಅನಿಮೆ,
ಯಾರೋ ನಕಲಿಸಿ ಯಾರಿಗೋ ಕೊಟ್ಟು
ನನ್ನವರೆಗೆ ಉರುಳಿಬಂದ ಸೀಡಿಗಳಲ್ಲಿ ಹನ್ನೆರಡು ಕಂತು,
ತರ್ಜುಮೆಯ ಹಳದಿ ಅಕ್ಷರ ಕೆಳಗೆ ಅಂಟಿಕೊಂಡೇ ಬಂದಿತ್ತು.
ಹಾಡೂ ಇತ್ತು: ನಿನ್ನಪ್ಪ, ಅವನ ಇಬ್ಬರು ಗೆಳೆಯರು
ಏಡಿ ಹಿಡಿಯುವ ದೋಣಿಗೆ ಸೇರುವ ಮೊದಲು
ಗ್ಯಾರೇಜಿನಲ್ಲಿ ಬಾರಿಸಿ ಕ್ಯಾಸೆಟ್ಟಿಗೆ ತುಂಬಿದ್ದು.
ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ತಂತಿ ಎಳೆದೆ.
ಡ್ರಮ್ಮಿನ ಹಿಂದೆ ನಾಯಿಯೊಂದು ಬೊಗಳುತ್ತಿತ್ತು, ಅದೂ ಇಳಿದು ಬಂತು.

ಮೊದಲ ವಾರ ಅಕ್ಷರಶಃ ಕೂಡಿಸಿದೆ.
ಹಾಡಿನಲ್ಲಿ ಸಮುದ್ರ ಬಂದರೆ ಸಮುದ್ರ,
ಕಣ್ಣೀರು ಬಂದರೆ ಕಣ್ಣೀರು.
ಹಕ್ಕಿ ಅಂತ ಬಂತು; ಹನ್ನೆರಡು ಕಂತಿನಲ್ಲಿ
ಒಂದು ಹಕ್ಕಿ ಹುಡುಕಲು ಎರಡು ಸಂಜೆ ಹೋಯಿತು.
ಬೆಲಿಸಾರಿಯೋ ಬೆನ್ನ ಹಿಂದೆ ನಿಂತು ನೋಡಿದ.
‘ಒಂದನೇ ಕ್ಲಾಸಿನ ಗೋಡೆಯ ಪಟದ ಹಾಗಿದೆ ಕಣೇ,
ಪದ, ಪಕ್ಕದಲ್ಲಿ ಅದರ ಚಿತ್ರ.’
ಮನೆಗೆ ಹೋಗಿ ಅತ್ತೆ. ಮರುದಿನ ಬಂದು ಎಲ್ಲ ಅಳಿಸಿದೆ.

ಆಮೇಲೆ ಡ್ರಮ್ಮಿನ ಬೆನ್ನು ಹತ್ತಿದೆ.
ಒಂದೊಂದು ಪೆಟ್ಟಿಗೂ ಒಂದೊಂದು ಕತ್ತರಿ. ಲೆಕ್ಕ ಪಕ್ಕಾ.
ಆದರೂ ನೋಡುವಾಗ ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರ ಪಾಡು;
ಪೆಟ್ಟು ಬಿದ್ದಾದ ಮೇಲೆ
ಏದುಸಿರು ಬಿಡುತ್ತ ಚಿತ್ರ ಬಂದು ನಿಲ್ಲುತ್ತಿತ್ತು.
ಒಂದು ದಿನ ಕೈ ಜಾರಿ ಎರಡು ಫ್ರೇಮು ಮುಂಚೆ ಕತ್ತರಿಸಿದೆ.
ಕೂತಿತು.
ಬಾಗಿಲಿಗೆ ಅಗುಳಿ ಕೂತ ಹಾಗೆ.
ಕಣ್ಣಿಗೆ ಎರಡು ಹೆಜ್ಜೆ ಮುಂಗಡ ಕೊಡಬೇಕು, ಡಾನಿಸಾ,
ನಾನು ಕಲಿಸಬಲ್ಲದ್ದು ಇಷ್ಟೇ.
ಹಾಂ, ಗಳಿಗೆಗೊಮ್ಮೆ ಸೇವ್ ಮಾಡು.
ಗಾಳಿಗೆ ಕರೆಂಟು ಹೋಗಿ ಹನ್ನೊಂದು ದಿನದ ಕೆಲಸ
ಒಂದು ಚುಕ್ಕಿಯಾಗಿ ಪರದೆಯೊಳಗೆ ಮುಳುಗಿದ್ದನ್ನು ನೋಡಿದ್ದೇನೆ.

ಹೇಳಬೇಕೆಂದಿದ್ದದ್ದು ಬೇರೆ.
ಮತ್ತೆ ಮೊದಲಿನಿಂದ ಒಂದೊಂದೇ ಫ್ರೇಮು ತಳ್ಳುತ್ತ ಕೂತಾಗ
ಏಳನೆಯ ಕಂತಿನಲ್ಲಿ, ಹುಡುಗಿ ಮೆಟ್ಟಿಲೇರುತ್ತ ತಿರುಗಿ ನೋಡುವಲ್ಲಿ,
ಅವಳ ಎಡಗೈಗೆ ಬಣ್ಣ ಇರಲಿಲ್ಲ.
ಬರೀ ಗೆರೆ. ಗೆರೆಯೊಳಗಿಂದ ಹಿಂದಿನ ಸಮುದ್ರ ಕಾಣುತ್ತಿತ್ತು.
ಒಂದೇ ಒಂದು ಫ್ರೇಮು,
ಸೆಕೆಂಡಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು.
ಮುಂದಿನದರಲ್ಲಿ ಕೈ ಮತ್ತೆ ಕೈ.

ಟೋಕಿಯೋದಲ್ಲೋ ಎಲ್ಲೋ, ಯಾರೋ,
ನಸುಕಿನ ಮೂರು ಗಂಟೆಗೆ ಕುಂಚ ತೊಳೆಯಲು ಎದ್ದು
ಬಂದು ಕೂತು ಮುಂದಿನ ಹಾಳೆ ಎತ್ತಿಕೊಂಡರೇ?
ಮಗು ಎದ್ದಿತೆಂದು ಫೋನು ಬಂತೇ? ತೂಕಡಿಸಿದರೇ?
ಆ ತೂಕಡಿಕೆಯನ್ನು
ಭೂಮಿಯ ಈ ತುದಿಯಲ್ಲಿ ಕೂತು ನಾನೊಬ್ಬಳೇ ನೋಡಿಬಿಟ್ಟೆ ಅನಿಸಿತು.
ಯಾರಿಗೂ ಹೇಳಲಿಲ್ಲ.

ಮೂರು ನಿಮಿಷ ಹನ್ನೊಂದು ಸೆಕೆಂಡು, ನನ್ನ ಮೊದಲ ವಿಡಿಯೋ.
ಈಗ ನೋಡಿದರೆ ನಾಚಿಕೆ:
ಹಳದಿ ಅಕ್ಷರ ಮುಚ್ಚಲು ಬಳಿದ ಕಪ್ಪು ಪಟ್ಟಿ,
ಬೇಕಿಲ್ಲದ ಕಡೆಯೆಲ್ಲ ಮಿಂಚು,
ಕೊನೆಯಲ್ಲಿ ನನ್ನ ಹೆಸರು, ಅಂಗಡಿ ಬೋರ್ಡಿನಷ್ಟು ದೊಡ್ಡದು.
ದೋಣಿಯಿಂದ ಬಂದ ನಿನ್ನಪ್ಪ ಬೂಟು ಕೂಡ ಬಿಚ್ಚದೆ ನೋಡಿದ.
‘ನಾಯಿಯನ್ನು ಹಾಗೇ ಬಿಟ್ಟಿದ್ದೀಯಲ್ಲೇ’ ಅಂದ.
ಬಿಟ್ಟಿದ್ದೇನೆ.
ಅದು ಬೊಗಳುವುದಕ್ಕೆ ಎರಡು ಫ್ರೇಮು ಮುಂಚೆ
ಆ ಕೈ ಇದೆ, ಸಮುದ್ರ ತುಂಬಿದ ಕೈ.
ಹುಡುಕಬೇಡ, ಸಿಗುವುದಿಲ್ಲ.

ಕುರ್ಚಿ ಎಳೆದುಕೋ.
ಎಲ್ಲಿ, ನಿನ್ನ ಹಾಡು ಹಾಕು.