ಯಾರ ಪೈಕಿ?

ಫೇರೋ ದ್ವೀಪಗಳ ದಕ್ಷಿಣದ ತುದಿ, ವಾಗುರ್ ಊರಿನ ಕೇಬಲ್ ಕೋಣೆ.
ರಾತ್ರಿ ಎರಡು ದಾಟಿದೆ.
ಮಂಜು ಬಂದರಿನ ದೀಪವನ್ನೂ ನುಂಗಿ ಕೂತಿದೆ.
ಸುನ್ವೊರ್ ಉಣ್ಣೆಯ ಕಾಲುಚೀಲ ಹೀಟರಿನ ಮೇಲೆ ಹರವಿ
ಹೊಸ ಹುಡುಗ ಹಾನುಸನಿಗೆ ಪಾಠ ಹೇಳುತ್ತಿದ್ದಾಳೆ,
ಬಾಯಲ್ಲಿ ಒಣಮೀನು.

'ಟಿಸಿಪಿ ಅಂದರೆ ನಮ್ಮತ್ತೆ, ತಿಳ್ಕೋ.
ಕೇಳಿಸ್ತಾ? ಅಂತಾಳೆ.
ಕೇಳಿಸ್ತು, ನಿಮಗೆ ಕೇಳಿಸ್ತಾ? ಅನ್ನಬೇಕು.
ಹೂಂ, ಕೇಳಿಸ್ತು ಅಂದಮೇಲೇ ಕತೆ ಶುರು.
ನೀನು ಹೂಂಗುಡದಿದ್ದರೆ
ಅದೇ ತುಂಡು ಮತ್ತೆ ಹೇಳ್ತಾಳೆ,
ದುಪ್ಪಟ್ಟು ಹೊತ್ತು ಕಾದು ಮತ್ತೆ.
ಯುಡಿಪಿ ನನ್ನ ಗಂಡ.
ದೋಣಿಯಿಂದ ಒಂದು ಕೂಗು ಹಾಕಿ ಹೋದ,
ಮುಟ್ಟಿತೋ ಬಿಟ್ಟಿತೋ ಅವನಿಗೇನು.'

ಹಾನುಸ್ ನಗುವಷ್ಟರಲ್ಲಿ ಫೋನು.

ಆಸ್ಪತ್ರೆಯ ಡಾಕ್ಟರ್ ಟೋರಾಲ್ವುರ್.
ಬಲೆಯ ಹಗ್ಗ ಸುತ್ತಿ ಜಜ್ಜಿದ ಕೈ, ಹತ್ತೊಂಬತ್ತರ ಹುಡುಗ.
ಈ ಮಂಜಿಗೆ ಹೆಲಿಕಾಪ್ಟರ್ ಏಳುವುದಿಲ್ಲ,
ಎಕ್ಸ್‌ರೇಯಾದರೂ ರಾಜಧಾನಿಯ ಸರ್ಜನ್ನಿಗೆ ಹೋಗಬೇಕು.
ಹೋಗುತ್ತಿಲ್ಲ. ಪರದೆಯಲ್ಲಿ ಮುರಿದ ಬೀಗದ ಚಿತ್ರ:
ಆ ಕಡೆ ಇರುವವರನ್ನು ನಂಬಲಾಗದು.

'ನಂಬಲಾಗದು ಅಂದರೇನಮ್ಮಾ?
ಆ ಯಂತ್ರವನ್ನು ಪೆಟ್ಟಿಗೆಯಿಂದ ಎತ್ತಿ ಇಟ್ಟವನೇ ನಾನು!'

ಸರ್ಟಿಫಿಕೇಟಿನ ಅವಧಿ ತೀರಿ ಹನ್ನೊಂದು ನಿಮಿಷ.

ಈ ದ್ವೀಪದಲ್ಲಿ ಬರೀ ಹೆಸರು ಹೇಳಿದರೆ ಸಾಲದು,
ಯಾರ ಪೈಕಿ ಅನ್ನುತ್ತಾರೆ.
ಸುನ್ವೊರ್, ಮೇಲ್ಮನೆಯ ಬಿಲ್ಲಾಳ ಮಗಳು,
ಕುಂಟ ಡೇವುರನ ಮೊಮ್ಮಗಳು:
ಅಲ್ಲಿಗೆ ಬಾಗಿಲು ತೆರೆದು ಕಾಫಿ ಬರುತ್ತದೆ.
ಯಂತ್ರಗಳದೂ ಅದೇ ವಿಚಾರಣೆ.
ನಿನಗೆ ಸಹಿ ಹಾಕಿದವರಾರು? ಅವರಿಗೆ? ಅವರಿಗೆ?
ಮೇಲೇರುತ್ತ ಏರುತ್ತ ಕಡೆಗೆ ಸಿಗುವುದು ಬೇರು,
ತನ್ನ ಸಹಿಯನ್ನು ತಾನೇ ಹಾಕಿಕೊಂಡದ್ದು.
ಅದನ್ನೇಕೆ ನಂಬುವುದು ಎಂದರೆ
ಹುಟ್ಟುವಾಗಲೇ ಜೇಬಿನಲ್ಲಿತ್ತು, ಅಷ್ಟೆ.

'ಪರವಾಗಿಲ್ಲ ಮುಂದುವರಿಸಿ ಅಂತ ಒತ್ತಿಸಿಬಿಡೋಣವೇ?' ಹಾನುಸ್.
'ಇವತ್ತು ಒತ್ತಿದ ಬೆರಳು ನಾಳೆಯೂ ಒತ್ತುತ್ತೆ.'
ಅಂದಳು. ಹುಡುಗನ ಕೈ ಅಲ್ಲಿ ಊದುತ್ತಿತ್ತು;
ಹೇಳುವಾಗ ಅವಳ ದನಿ ಅಷ್ಟು ಗಟ್ಟಿಯಿರಲಿಲ್ಲ.

ನಾಲ್ಕು ನಿಮಿಷ. ಹೊಸ ಕೀಲಿ, ಹೊಸ ಸಹಿ,
ಕಾಲುಚೀಲ ಕರಿಕಾದ ವಾಸನೆ.

ಆಮೇಲೆ ಆ ಕೈ ಚೂರುಚೂರಾಗಿ ಕಡಲಿಗಿಳಿಯಿತು.
ಕಾಡ್ ಮೀನುಗಳ ಕೆಳಗೆ, ಗಾಜಿನ ಎಳೆಯಲ್ಲಿ,
ನಡುವೆ ಕದ್ದು ನೋಡಿದವರಿಗೆ ಬರೀ ಗದ್ದಲ.
ಹೆಬ್ಬೆರಳು ಮೊದಲು ಮುಟ್ಟಿತು, ಮಣಿಕಟ್ಟು ತಡವಾಗಿ,
ನಡುಬೆರಳಿನ ಒಂದು ತುಣುಕು ಎಲ್ಲೋ ಕಳೆದು
ಇನ್ನೊಮ್ಮೆ ಹೊರಡಬೇಕಾಯಿತು.
ಅಂಕೆ ನೋಡಿ ಅಲ್ಲಿ ಜೋಡಿಸಿಕೊಂಡರು.
ಒಂದು ಚುಕ್ಕೆಯೂ ಹೆಚ್ಚಿಲ್ಲ ಕಮ್ಮಿಯಿಲ್ಲ,
ಮೂಳೆ ಮುರಿದಲ್ಲಿ
ಮುರಿದೇ ಇತ್ತು.

'ಬಂತು,' ಎಂದರು ಸರ್ಜನ್.
'ಹೂಂ,' ಎಂದಳು.

ನಸುಕಿಗೆ ಮಂಜಿನೊಳಗಿಂದ ದೋಣಿಯ ಕೊಂಬು,
ಒಂದೇ ಸಲ, ಉತ್ತರಕ್ಕೆ ನಿಲ್ಲದೆ.
ಸುಟ್ಟ ಕಾಲುಚೀಲವನ್ನೇ ಏರಿಸುತ್ತ
ಅವಳು ಕಿಟಕಿಯ ಗಾಜಿಗೆ ಹೂಂ ಅಂದಳು.