ಬಣ್ಣ ಬಾರದಿರಲಿ

ಭೋಸರಿಯಲ್ಲಿ ರಾತ್ರಿ ಹನ್ನೊಂದೂಕಾಲು.
ಪ್ಲೇಟಿಂಗ್ ಶೆಡ್ಡಿನ ಹಿಂದೆ ಮೂರನೆಯ ತೊಟ್ಟಿಯ ಕಟ್ಟೆಯ ಮೇಲೆ
ವಾಲ್ವಿನ ಚಕ್ರಕ್ಕೆ ಬೆನ್ನು ಕೊಟ್ಟು
ನಿವೃತ್ತಿ ವಾಘಮಾರೆ ತಂಬಾಕು ತಿಕ್ಕುತ್ತಿದ್ದಾನೆ.
ಹೆಸರಷ್ಟೇ ನಿವೃತ್ತಿ,
ಇನ್ನೂ ಹನ್ನೊಂದು ವರ್ಷ ಸರ್ವಿಸಿದೆ.
ನಾನು ಹೂಂ ಅಂದರೆ ತಿರುವುತ್ತಾನೆ.
ಇಪ್ಪತ್ತು ಸಾವಿರ ಲೀಟರು ನಾಲಾಕ್ಕೆ,
ನಾಲಾದಿಂದ ಇಂದ್ರಾಯಣಿಗೆ,
ಅಲ್ಲಿಂದ ಯಾರ ಕೊಡಕ್ಕೋ.

ಗಾಜಿನ ಬುರುಡೆಯಲ್ಲಿ ಐವತ್ತು ಮಿಲಿ.
ನೋಡಿದರೆ ನೀರೇ.
ತುಳಸಿಗೆ ಹಾಕುವಷ್ಟು ತಿಳಿ.
ನಾಲ್ಕು ಹನಿ ಆಮ್ಲ, ಮೇಲೆ ಒಂದಿಷ್ಟು ದ್ರಾವಣ,
ಮೂಗಿಗೆ ಅಸಿಟೋನಿನ ವಾಸನೆ.
ಇನ್ನು ಹತ್ತು ನಿಮಿಷ ಮಾಡುವುದಕ್ಕೆ ಏನೂ ಇಲ್ಲ.
ಕ್ರೋಮಿಯಂ ಇದ್ದರೆ ನೇರಳೆ ಬರುತ್ತದೆ.

ಏನು ಚೆಂದದ ನೇರಳೆ ಅದು!
ಒಮ್ಮೆ ಲಕ್ಷ್ಮೀ ರೋಡಿನ ಅಂಗಡಿಯಲ್ಲಿ
ಅದೇ ಬಣ್ಣದ ಸೀರೆ ಬಿಚ್ಚಿ ಹರವಿದರು.
ಮುಟ್ಟಿದವಳು ಕೈ ಹಿಂದಕ್ಕೆಳೆದುಕೊಂಡೆ.
"ಬಣ್ಣ ಹೋಗೋದಿಲ್ಲ ತಾಯೀ, ಗ್ಯಾರಂಟಿ" ಅಂದ ಅಂಗಡಿಯವ.
ಗೊತ್ತು, ಅಂದೆ.

ಮಧ್ಯಾಹ್ನ ಬಂದಿತ್ತು ಅದು.
ಸೊನ್ನೆ ಬಿಂದು ಮೂರು ನಾಲ್ಕು.
ಬಿಡಬಹುದಾದದ್ದು ಸೊನ್ನೆ ಬಿಂದು ಒಂದು.
ಶೆಂಡೆ ಸಾಹೇಬರು ಸಿಟ್ಟು ಮಾಡಲಿಲ್ಲ,
ಕನ್ನಡಕ ಹಣೆಗೇರಿಸಿ ಮೆಲ್ಲಗೆ ಕೇಳಿದರು:
"ಬೋರಿನ ನೀರು ಬೆರೆಸಿದರೆ ಇಳಿಯುತ್ತದಲ್ಲ?"
ಇಳಿಯುತ್ತದೆ.
ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.
ಹುಳಿ ಎಲ್ಲಿಗೂ ಹೋಗುವುದಿಲ್ಲ ಸಾಹೇಬರೇ,
ನಾಲಗೆಗೆ ಸಿಗದಾಗುತ್ತದೆ, ಅಷ್ಟೇ.
ಇದನ್ನು ಮರಾಠಿಯಲ್ಲಿ ಹೇಳಲು ಬರಲಿಲ್ಲ ನನಗೆ.
"ನಾಹೀ" ಅಂದೆ.
ಹದಿನಾರು ವರ್ಷದ ಪುಣೆಯಲ್ಲಿ
ನಾನಾಡಿದ ಅತಿ ಶುದ್ಧ ಮರಾಠಿ.

ಮತ್ತೆ ಆಮ್ಲ ಸುರಿದೆವು, ಸಲ್ಫೈಟು, ಆಮೇಲೆ ಸುಣ್ಣ.
ಉದ್ದ ಕೋಲು ಹಿಡಿದು ನಿವೃತ್ತಿ ಸುತ್ತು ಬಂದ.
"ಮನೆಯಲ್ಲಿ ಕಢಿಯನ್ನೂ ಇಷ್ಟು ಕಲಕಿಲ್ಲ ಮ್ಯಾಡಮ್."
ಕೆಸರು ತಳಕ್ಕೆ ಕೂರುವ ತನಕ
ಶೆಂಡೆಯವರ ಫೋನು ಆರು ಸಲ.

ಏಳು ನಿಮಿಷ.
ಮೊದಲು ನಿವೃತ್ತಿ ಕ್ರೋಮಿನ ತೊಟ್ಟಿಯ ಮೇಲಿದ್ದವನು.
ಮೂಗಿನ ನಡುಗೋಡೆಯಲ್ಲಿ ತೂತು.
ಉಸಿರೆಳೆದರೆ ಸಣ್ಣಗೆ ಸೀಟಿ.
ಹಗಲಲ್ಲಿ ಯಂತ್ರಗಳು ಅದನ್ನು ಮುಚ್ಚಿಬಿಡುತ್ತವೆ,
ಇಂಥ ರಾತ್ರಿ ಕೇಳಿಸುತ್ತದೆ.
ಬೆಳಿಗ್ಗೆ ಆತನ ಹೆಂಡತಿ ಕಟ್ಟಿಕೊಟ್ಟ ಭಾಕರಿಯ ಗಂಟು ಬಿಚ್ಚಿ
ನನ್ನೆದುರು ಹಿಡಿಯುತ್ತಾನೆ:
"ಮೆಂತ್ಯ ಹಾಕಿದಾಳಾ? ನೀವೇ ಹೇಳಿ."
ರಿಜಿಸ್ಟರಿನಲ್ಲಿ ಹದಿನಾಲ್ಕು ಕಾಲಂ ಇವೆ.
ಸೀಟಿಗೆ ಇಲ್ಲ.

ಬಣ್ಣ ಬಯಲಾಗಲಿ ಎನ್ನುತ್ತಾರೆ ಜನ.
ಬಣ್ಣ ಬಾರದಿರಲಿ ಎಂದು
ಬುರುಡೆಯ ಕುತ್ತಿಗೆ ಹಿಡಿದು ಬೇಡುವ ಕೆಲಸ ನನ್ನದು.

ಹತ್ತು.
ಬಿಳಿ ಕಾಗದದ ಮೇಲಿಟ್ಟು ಬಗ್ಗಿ ನೋಡಿದೆ.
ಬಂತೋ, ಬರಲಿಲ್ಲವೋ.
ಬೆಳ್ಳುಳ್ಳಿ ಸಿಪ್ಪೆಯ ಒಳಮೈಯಷ್ಟು.
ಯಂತ್ರಕ್ಕೆ ಕೊಟ್ಟೆ: ಸೊನ್ನೆ ಬಿಂದು ಸೊನ್ನೆ ಏಳು.
ಸೊನ್ನೆಯಲ್ಲ.
ಕಾನೂನಿಗೆ ಸಾಕು.
ಮತ್ತೊಮ್ಮೆ ಅಳೆದೆ, ಅದೇ ಏಳು.
ಬಾಗಿಲಿಗೆ ಬಂದು ಹೂಂ ಅಂದೆ,
ಗಂಟಲು ಕಟ್ಟಿತ್ತು, ಎರಡನೇ ಸಲ ಅನ್ನಬೇಕಾಯಿತು.
ಚಕ್ರ ಕಿರುಗುಟ್ಟಿತು. ಕತ್ತಲಲ್ಲಿ ನೀರು ಹೊರಟ ಸದ್ದು,
ಎಲ್ಲ ನೀರಿನ ಸದ್ದಿನಂತೆಯೇ.

ಒಳಗೆ ಬಂದು ಬುರುಡೆ ತೊಳೆದೆ.
ತೊಳೆದದ್ದನ್ನು ಸಿಂಕಿಗೆ ಬಿಡುವಂತಿಲ್ಲ.
ಇನ್ನೊಂದು ಪರೀಕ್ಷೆಗೆಂದು ನಾನೇ ಅಳೆದು ಹಾಕುವ
ಕಿತ್ತಳೆ ದ್ರಾವಣವೂ ಕ್ರೋಮಿಯಮ್ಮಿನದೇ,
ಜೊತೆಗೆ ಚೂರು ಪಾದರಸ.
ವಿಷವನ್ನು ಮಾತಾಡಿಸಲು ವಿಷವನ್ನೇ ಕಳಿಸಬೇಕು.
ಅದಕ್ಕೆಂದೇ ಮೂಲೆಯಲ್ಲೊಂದು ನೀಲಿ ಕ್ಯಾನು,
ಕತ್ತಿನವರೆಗೆ ತುಂಬಿದೆ,
ಒಯ್ಯುವ ಗಾಡಿ ದೀಪಾವಳಿಯಾದ ಮೇಲಂತೆ.
ಮುಚ್ಚಳದ ಮೇಲೆ ನನ್ನದೇ ಅಕ್ಷರದಲ್ಲಿ
ಮೂರು ಭಾಷೆಯಲ್ಲಿ ಬರೆದಿದೆ, ಚೆಲ್ಲಬಾರದು.
ಕನ್ನಡ ಓದಬಲ್ಲವರು
ಇಲ್ಲಿ ನಾನೊಬ್ಬಳೇ.