ಉಪ್ಪು ನೋಡುವವರು

ಬೆಳಗಿನ ಐದೂಮುಕ್ಕಾಲು. ಕಿತಾಕತಾ ಊರಿನ ಹಿಮದ ಮೇಲೆ
ನಾನೆಳೆದು ಬಂದ ಜಾರುಬಂಡಿಯ ಎರಡೇ ಗೆರೆ.
ನೂರಾ ಒಂಬತ್ತು ಮನೆಗೆ ಪೇಪರು ಹಾಕಿಯಾಯಿತು, ಮೂರು ಬಾಕಿ.
ಬೆರಳೆಲ್ಲ ಮಸಿ. ಮೂಗು ಕಟ್ಟಿದೆ ನಿನ್ನೆಯಿಂದ.

ಹಳೆಯ ಉಗ್ರಾಣಗಳ ಸುಣ್ಣದ ಗೋಡೆ ದಾಟಿ ತಿರುಗಿದರೆ
ಇಗರಾಶಿ ಬಾಗಿಲಿಗೆ ನೀಲಿ ಬಟ್ಟೆ ತೂಗುಹಾಕುತ್ತಿದ್ದಾನೆ.
ಬಟ್ಟೆ ಇದ್ದರೆ ಅಂಗಡಿ ಇದೆ,
ಇಲ್ಲದಿದ್ದರೆ ಇಲ್ಲ.
ಈ ಊರಿಗೆ ಬೆಳಗ್ಗೆಯೇ ರಾಮೆನ್ ಬೇಕು;
ಬೇರೆ ಊರಿನವರು ನಕ್ಕರೆ ನಗಲಿ,
ಅವರ ಹೊಟ್ಟೆ ಅವರದು, ನಮ್ಮ ಚಳಿ ನಮ್ಮದು.

ಏಳು ಸ್ಟೂಲು, ಒಂದು ಕುಂಟು.
ಕುಂಟುಗಾಲಿನ ಕೆಳಗೆ ಮಡಿಸಿಟ್ಟದ್ದು ಹೋದ ಮಾರ್ಚಿನ ಪೇಪರು,
ಯಾರೋ ಮಂತ್ರಿ ಅದರಲ್ಲಿ ಇನ್ನೂ ನಗುತ್ತಿದ್ದಾನೆ.
ಒಲೆಯ ಮೇಲೆ ಎರಡು ಕೊಳಗ:
ಒಂದರಲ್ಲಿ ರಾತ್ರಿಯಿಡೀ ಕುದಿದ ಹಂದಿಮೂಳೆ,
ಇನ್ನೊಂದರಲ್ಲಿ ಬೆರಳುದ್ದದ ಒಣಮೀನು,
ಸತ್ತ ಮೇಲೂ ಸಮುದ್ರವನ್ನು ಬಿಟ್ಟುಕೊಡದವು.
ನೂಡಲ್ಸು ಚಪ್ಪಟೆ, ಗುಂಗುರು,
ಈಗಷ್ಟೇ ಜಡೆ ಬಿಚ್ಚಿದ ಕೂದಲ ಹಾಗೆ.

ಒಂದು ಸುದ್ದಿ, ಯಾವ ಪೇಪರಿನಲ್ಲೂ ಬರದ್ದು:
ಎರಡು ವರ್ಷದ ಹಿಂದೊಂದು ಜ್ವರ
ಇಗರಾಶಿಯ ನಾಲಿಗೆಯನ್ನು ಒರೆಸಿಕೊಂಡು ಹೋಯಿತು.
ಅವನು ಯಾರಿಗೂ ಹೇಳಲಿಲ್ಲ.
ನಮಗೆಲ್ಲ ಗೊತ್ತು.

ಗೊತ್ತಾದದ್ದು ಒಂದು ಮಂಗಳವಾರ.
ಸಾರು ಅಂದರೆ ಸಾರಲ್ಲ, ಬರೀ ಕಡಲು.
ರಾತ್ರಿಪಾಳಿ ಮುಗಿಸಿ ಬಂದ ನರ್ಸು ಚಿಗುಸಾ ನನ್ನ ಮುಖ ನೋಡಿದಳು,
ನಾನು ಹೊಶಿನಾ ತಾತನ ಮುಖ ನೋಡಿದೆ,
ತಾತ ಬಟ್ಟಲೆತ್ತಿ ತಳ ಕಾಣುವ ತನಕ ಕುಡಿದ.
ನಾವೂ.
ಉಪ್ಪು ತಿಂದವರು ನೀರು ಕುಡಿದೆವು, ಜಗ್ಗು ಖಾಲಿಯಾಗುವಷ್ಟು,
ಮಾತು ಮಾತ್ರ ಯಾರೂ ಆಡಲಿಲ್ಲ.

ಮರುದಿನದಿಂದ ಮೊದಲ ಬಟ್ಟಲು ತಾತನಿಗೆ.
ನಲವತ್ತು ವರ್ಷ ರೈಲ್ವೆ ಗೇಟು ಹಾಕಿ ತೆಗೆದವನು,
ನಿಶಾನೆಯ ಭಾಷೆ ಅವನಿಗೆ ಯಾರೂ ಕಲಿಸಬೇಕಿಲ್ಲ.
ಹದವಾಗಿದ್ದರೆ ಒಂದೇ ಉಸಿರಿಗೆ ಸೊರ್ರ್ರ್ ಎಂದು ಉದ್ದಕ್ಕೆ.
ಸಪ್ಪೆಯಾದರೆ ಸೊರ್, ನಡುವೆ ಒಂದು ತಡೆ, ಮತ್ತೆ ಸೊರ್.
ಜಾಸ್ತಿಯಾದರೆ ಸಣ್ಣ ಕೆಮ್ಮು.
ನಮಗೆ ಬೆನ್ನು ಹಾಕಿ ನಿಂತ ಇಗರಾಶಿಯ ಸೌಟು
ಅದನ್ನು ಕೇಳಿಸಿಕೊಳ್ಳುತ್ತದೆ,
ಮುಂದಿನ ಬಟ್ಟಲಿನ ತಳಕ್ಕೆ ಸೋಯಾ ಅರ್ಧ ಚಮಚ ಹೆಚ್ಚೋ ಕಡಿಮೆಯೋ.
ತಿರುಗಿ ನೋಡುವುದಿಲ್ಲ. ನಾವೂ ತಲೆಯೆತ್ತುವುದಿಲ್ಲ.

ಇವತ್ತು ಮೊದಲ ಸ್ಟೂಲು ಖಾಲಿ.
ತಾತನ ಕಣ್ಣಿನ ಪೊರೆ ತೆಗೆಸಲು ಮಗಳು ಸೆಂದಾಯ್‌ಗೆ ಒಯ್ದಿದ್ದಾಳೆ,
ಹತ್ತು ದಿನ ಬರುವುದಿಲ್ಲ.
ಬಟ್ಟಲು ಬಂದು ನನ್ನೆದುರು ಕೂತಿತು.
ಮೇಲೆ ಮೂರು ತುಂಡು ಮಾಂಸ, ಈರುಳ್ಳಿ ಹಸಿರು,
ಹಬೆಯಲ್ಲಿ ಕನ್ನಡಕ ಕುರುಡಾಯಿತು.

ಎಳೆದೆ. ಬಿಸಿ ಇತ್ತು.
ಹಲ್ಲಿಗೆ ಸಿಕ್ಕಿ ಪುಟಿಯುವ ನೂಡಲ್ಸಿನ ಹಟ ಇತ್ತು.
ಜಿಡ್ಡು ತುಟಿಗಂಟಿದ್ದು ಗೊತ್ತಾಯಿತು.
ಉಪ್ಪು?
ಇಡೀ ಬಾಯಿ ಹುಡುಕಿದರೂ ಇಲ್ಲ,
ಬೀಗ ಹಾಕಿದ ಮನೆಯ ಬಾಗಿಲಿಗೆ ಪೇಪರು ಎಸೆದ ಹಾಗೆ.
ಉದ್ದಕ್ಕೆ ಎಳೆಯಲೇ? ತಡೆದು ಎಳೆಯಲೇ?
ಸುಳ್ಳು ಸದ್ದು ಮಾಡಿದರೆ ಇಡೀ ಓಣಿಯ ಬೆಳಗು ಕೆಟ್ಟೀತು.
ಸುಮ್ಮನೆ ಕೂತೆ.

ಸೌಟು ನಿಂತಿತು ಗಾಳಿಯಲ್ಲಿ.
ಎರಡು ವರ್ಷದಲ್ಲಿ ಮೊದಲ ಸಲ ಇಗರಾಶಿ ತಿರುಗಿದ.
ನನ್ನ ಕೆಂಪು ಮೂಗು ನೋಡಿದ,
ತೋಳಿನಿಂದ ಹಣೆ ಒರೆಸಿಕೊಂಡ.
"ನಿನಗೂನಾ?" ಎಂದ.

ನಾನು ಹೂಂ ಅನ್ನುವಷ್ಟರಲ್ಲಿ
ಸಣ್ಣ ತಟ್ಟೆಯಲ್ಲಿ ತುರಿದ ಶುಂಠಿ ಬಂತು.
ಚಿಗುಸಾ ಬಂದಳು, ಟೋಪಿಯ ಹಿಮ ಕೊಡವುತ್ತ.
ಏನೂ ಕೇಳದೆ ನನ್ನ ಬಟ್ಟಲಿಗೇ ಚಮಚ ಹಾಕಿ
ಸೊರ್. ತಡೆದಳು. ಮತ್ತೆ ಸೊರ್.

ಅರ್ಧ ಚಮಚ ಸೋಯಾ, ಅವಳ ಬಟ್ಟಲಿಗೆ.
ಹೊರಗೆ ಜಾರುಬಂಡಿ ಅಷ್ಟರಲ್ಲಿ ಬೆಳ್ಳಗಾಗಿತ್ತು,
ಮೂರು ಪೇಪರು ಅದರಡಿಯಲ್ಲಿ ಎಲ್ಲೋ.